ಅಳೆದ ಅಂಗೈ

“ಗುರುಗಳೇ, ಅಪ್ಪ ಅವ್ವ ಇಬ್ಬರನ್ನೂ ಒಂದೇ ಬೇಸಿಗೆಯಲ್ಲಿ ಮಣ್ಣು ಮಾಡಿದವನು ನಾನು. ಆದರೂ ಎದೆ ಗಟ್ಟಿ ಮಾಡಿಕೊಂಡೆ. ಆ ಒಂಟಿ ಹೆಂಗಸು ಸಿದ್ದವ್ವ, ಮೇಕೆ ಸತ್ತಿತೆಂದು ಮಠದ ಕಟ್ಟೆಯ ಮೇಲೆ ಕೂತು ಅಳುತ್ತಿದ್ದಳು. ‘ಇಷ್ಟಕ್ಕೆಲ್ಲ ಅಳುತ್ತಾರೇನು, ಎದ್ದು ಹೋಗು’ ಎಂದು ಕಳುಹಿಸಿಬಿಟ್ಟೆ. ತಪ್ಪೇ?” ಎಂದು ಶಿಷ್ಯ ಚೆನ್ನಮಲ್ಲ ಕೇಳಿದ.

ಮೆಚ್ಚುಗೆಯ ಮಾತಿಗೆ ಕಾದಿದ್ದ ಅವನಿಗೆ ಸಿಕ್ಕಿದ್ದು ಒಂದು ಕತೆ.

ಒಂದೂರಿನಲ್ಲಿ ಒಬ್ಬ ವೈದ್ಯನಿದ್ದ. ಆಳು ಆನೆಯಂಥವನು, ಕೈಗುಣ ಒಳ್ಳೆಯದು. ಕೆಲವರಿಗೆ ಕೆಲವು ಔಷಧ ಒಗ್ಗದೆ ಮೈಯೆಲ್ಲ ಗುಳ್ಳೆಯೆದ್ದು ಚರ್ಮ ಸುಲಿಯುವುದುಂಟು. ಅಂಥವರು ಬಂದರೆ ಅವನು ಮೊದಲು ಆ ಔಷಧ ನಿಲ್ಲಿಸುತ್ತಿದ್ದ. ಆಮೇಲೆ ಸುಲಿದ ಜಾಗವನ್ನು ಅಂಗೈಯಿಂದ ಅಳೆಯುತ್ತಿದ್ದ. ಬೆರಳೂ ಸೇರಿದ ಒಂದು ಅಂಗೈ ಎಂದರೆ ಮೈಯ ನೂರರಲ್ಲಿ ಒಂದು ಪಾಲು. ಹತ್ತು ಅಂಗೈಯೊಳಗಿದ್ದರೆ ರೋಗಕ್ಕೆ ಒಂದು ಹೆಸರು, ಮೂವತ್ತು ಮೀರಿದರೆ ಇನ್ನೊಂದು. ಮೊದಲನೆಯದೂ ಹಗುರವಲ್ಲ, ಎರಡನೆಯದರಲ್ಲಿ ಜೀವ ಉಳಿಯುವುದೇ ಕಷ್ಟ, ತಡಮಾಡದೆ ಪಟ್ಟಣದ ದೊಡ್ಡ ಆಸ್ಪತ್ರೆಗೆ ಸಾಗಿಸಬೇಕು.

ಅವನ ಬಳಿ ಬರುತ್ತಿದ್ದವರು ಹೆಚ್ಚಾಗಿ ಕಲ್ಲು ಒಡೆಯುವ ಗಂಡಾಳುಗಳು. ಅವರ ಅಂಗೈಗೂ ಅವನದಕ್ಕೂ ಹೆಚ್ಚು ಕಡಿಮೆ ಇರಲಿಲ್ಲ. ಹಾಗಾಗಿ ತನ್ನ ಕೈಯಿಂದಲೇ ಅಳೆಯುವುದು ರೂಢಿಯಾಯಿತು.

ಒಂದು ದಿನ ಒಬ್ಬ ತಾಯಿ, ಆಗಷ್ಟೇ ಮಾತು ಕಲಿತ ಮಗಳನ್ನು ಬಾಳೆ ಎಲೆಯ ಮೇಲೆ ಮಲಗಿಸಿಕೊಂಡು ಬಂದಳು. ಜ್ವರದ ಗುಳಿಗೆ ನುಂಗಿದ ಮೇಲೆ ಮಗುವಿನ ಚರ್ಮ ಸುಲಿಯತೊಡಗಿತ್ತು. ವೈದ್ಯ ಮೈ ಮುಟ್ಟದೆ, ಮೇಲೆ ಅಂಗೈ ಹಿಡಿದು ಎಣಿಸಿದ.

“ಹೆದರಬೇಡ ತಾಯಿ, ಒಂಬತ್ತೇ. ಇಲ್ಲೇ ಇರಲಿ, ನಾನು ನೋಡಿಕೊಳ್ಳುತ್ತೇನೆ.”

“ಒಂಬತ್ತೋ ತೊಂಬತ್ತೋ, ನಾನೇನು ಬಲ್ಲೆ ಸ್ವಾಮಿ? ಎತ್ತಿಕೊಳ್ಳೋಣವೆಂದರೆ ಕೈಯಿಡಲು ಜಾಗವಿಲ್ಲವಲ್ಲ!” ಎಂದು ತಾಯಿ ಅತ್ತಳು.

ವೈದ್ಯನಿಗೆ ಸಿಟ್ಟು ಬಂತು. ಅಳೆದವನು ತಾನು, ಅಳುವವಳಿಗೇನು ಗೊತ್ತು? ನಾಡಿ ನೋಡಲೆಂದು ಮಗುವಿನ ಕೈಯನ್ನು ಮೆಲ್ಲನೆ ತನ್ನ ಕೈಯಲ್ಲಿಟ್ಟುಕೊಂಡ. ಆ ಕೈಯ ಬೆರಳ ತುದಿ ಅವನ ಬೆರಳ ಬುಡವನ್ನೂ ಮುಟ್ಟಲಿಲ್ಲ. ವೈದ್ಯನಿಗೆ ಆಗ ತನ್ನ ತಪ್ಪು ಹೊಳೆಯಿತು. ನೂರರಲ್ಲಿ ಒಂದು ಪಾಲಾಗುವುದು ರೋಗಿಯ ಅಂಗೈಯೇ ಹೊರತು ವೈದ್ಯನದಲ್ಲ. ಆ ಪುಟ್ಟ ಅಂಗೈಯ ಲೆಕ್ಕದಲ್ಲಿ ಮತ್ತೆ ಎಣಿಸಿದ. ಮೂವತ್ತು ದಾಟಿತು. ನಾಚಿಕೆಯನ್ನು ನುಂಗಿಕೊಂಡು, ಗಾಡಿ ಕಟ್ಟಿರೆಂದು ಕೂಗಿದ.

ಗುರುಗಳು ಅಲ್ಲಿಗೇ ನಿಲ್ಲಿಸಿದರು. ಚೆನ್ನಮಲ್ಲನಿಗೆ ತಡೆಯಲಾಗಲಿಲ್ಲ.

“ಮಗು ಉಳಿಯಿತೇ, ಗುರುಗಳೇ?”

“ಉಳಿಯಿತು. ಸಿದ್ದವ್ವನ ಮೇಕೆಯನ್ನು ನೀನು ಯಾರ ಅಂಗೈಯಿಂದ ಅಳೆದೆ?”