ಹೊರೆಗಲ್ಲಿನ ಮೆಟ್ಟಿಲು

ಜರ್ಮನಿಯ ವುಪ್ಪರ್ಟಾಲ್ ಪಟ್ಟಣವನ್ನು ನೋಡಲೆಂದೇ ಹೊರಟು ಬರುವವರು ಕಡಿಮೆ. ಕೊಲೋನ್‌ಗೆ ಹೋಗುವವರು ರೈಲಿನ ಕಿಟಕಿಯಿಂದ ಇಣುಕಿ, ಇಷ್ಟೇ ತಾನೆ ಎಂದು ಮುಂದೆ ಸಾಗುತ್ತಾರೆ. ಇಳಿದವರಿಗೆ ಮೊದಲು ಸಿಗುವುದು ಮಳೆ, ಆಮೇಲೆ ಮೆಟ್ಟಿಲು. ಪೇಟೆ ಕಣಿವೆಯಲ್ಲಿ, ಮನೆಗಳು ಗುಡ್ಡದ ಮೇಲೆ. ಹಾಗೆ ಏರುವ ಮೆಟ್ಟಿಲು ಸಾಲುಗಳಲ್ಲೊಂದರ ನಡುವೆ, ಹಳೆಯ ತೋಟದ ಬೇಲಿ ತೆರೆದಿರುವಲ್ಲಿ, ಎರಡು ಕಲ್ಲುಗಳಿವೆ. ಒಂದು ಆಳಿನ ಭುಜದೆತ್ತರ. ಎರಡು ಕಂಬಗಳ ಮೇಲೆ ಅಡ್ಡ ಚಪ್ಪಡಿ. ಅದರ ಮಗ್ಗುಲಿನದು ಮೊಣಕಾಲೆತ್ತರ. ನಕ್ಷೆಯಲ್ಲಿ ಆ ಮೆಟ್ಟಿಲಿಗೆ ಬೇರೇನೋ ಹೆಸರಿದೆ. ಅಲ್ಲಿನ ಕನ್ನಡದವರು ಮಾತ್ರ ಅದನ್ನು ಹೊರೆಗಲ್ಲಿನ ಮೆಟ್ಟಿಲು ಎನ್ನುತ್ತಾರೆ.

ಹಿಂದೆ ಒಮ್ಮೆ, ಈ ಕಣಿವೆಯಲ್ಲಿ ರಿಬ್ಬನ್ನು ನೇಯುವ ಮಗ್ಗಗಳು ಇನ್ನೂ ಸದ್ದು ಮಾಡುತ್ತಿದ್ದ ಕಾಲಕ್ಕೆ, ಗುಳೇದಗುಡ್ಡದ ಖಣದ ವ್ಯಾಪಾರಿ ಮಹಾಲಿಂಗಪ್ಪ ಬರಗುಂಡಿ ಹೆಂಡತಿ ನೀಲವ್ವನೊಡನೆ ಇಲ್ಲಿಗೆ ಬಂದನಂತೆ. ನಮ್ಮಲ್ಲಿ ಕುಪ್ಪಸಕ್ಕೆ ಹೋಗುವ ಖಣವನ್ನು ಇಲ್ಲಿಯವರ ದಿಂಬಿಗೂ ಚೀಲಕ್ಕೂ ಮಾರಬಹುದೆಂಬುದು ಅವನ ಎಣಿಕೆ. ಕಣ್ಣಿದ್ದದ್ದು ಕೊಲೋನ್ ಪೇಟೆಯ ಮೇಲೆ. ಅಲ್ಲಿ ಅಂಗಡಿ ಸಿಗುವ ತನಕ, ಬಾಡಿಗೆ ಅಗ್ಗವೆಂದು, ಇಲ್ಲಿಯ ಗುಡ್ಡದ ನೆತ್ತಿಯಲ್ಲೊಂದು ಕೋಣೆ ಹಿಡಿದ. ಊರಿನವರೇ ಊರನ್ನು ಬೈಯುತ್ತಿದ್ದರು. ಮಾಲಿನ ಒಡೆಯನೇ ಮಾಲನ್ನು ಹೀಗಳೆದರೆ ಕೊಳ್ಳುವವನಿಗೇನು ಬಂದಿದೆ? ನಿಲ್ಲದ ಊರಿನಲ್ಲಿ ಗಂಟು ಬಿಚ್ಚಬಾರದೆಂಬುದು ಅವನ ಮನೆತನದ ಪಾಠ; ಕೈಗಂಟಿನಷ್ಟನ್ನು ಮಾರುತ್ತ, ದೊಡ್ಡ ಗಂಟನ್ನು ಕಟ್ಟಿದಂತೆಯೇ ಗೋಡೆಗೆ ಒರಗಿಸಿಟ್ಟ. ಸಂಜೆಯಾದರೆ ಕಿಟಕಿಯಲ್ಲಿ ನಿಂತು ಕೊಲೋನ್ ರೈಲಿನ ದೀಪ ನೋಡುವನು. ಕೂತರೆ ಏಳುವನು, ಎದ್ದರೆ ಕೂರುವನು. ನೀಲವ್ವ ಹಾಗಲ್ಲ. ಮನೆಯ ಬೆನ್ನಿಗೇ ಇದ್ದ ಕಾಡಿನಲ್ಲಿ ಅಡ್ಡಾಡಿ ಬರುವಳು. ನದಿಯ ಮೇಲೆ ಜೋತುಬಿದ್ದು ಓಡುವ ರೈಲಿನಲ್ಲಿ ಈ ತುದಿಯಿಂದ ಆ ತುದಿಗೆ ಸುಮ್ಮನೆ ಹೋಗಿಬರುವಳು. "ತೊಟ್ಟಲದಾಗ ಕುಂತಂಗ ಆಕ್ಕೈತ್ರೀ. ಒಮ್ಮೆರೆ ಬರ್ರಿ" ಎಂದರೆ, "ತೊಟ್ಟಲದಾಗ ಕುಂತ್ರ ಯಾಪಾರ ಯಾರು ಮಾಡಬೇಕು?" ಎಂದು ಇವನು ಗೊಣಗುವನು.

ಅವನನ್ನು ಹಣ್ಣುಮಾಡಿದ್ದು ಮೆಟ್ಟಿಲು. ದಿನದ ಮಾರಾಟದ ಗಂಟನ್ನು ತಲೆಯ ಮೇಲೆ ಹೊತ್ತು ಹತ್ತುವಾಗ ಅರ್ಧದಲ್ಲೇ ಉಸಿರು ಕಟ್ಟುತ್ತಿತ್ತು. ನಮ್ಮ ದಾರಿಗಳಲ್ಲಾದರೆ ಭುಜದೆತ್ತರದ ಹೊರೆಗಲ್ಲು ಇರುತ್ತದೆ. ತಲೆಯ ಹೊರೆಯನ್ನು ಅದರ ಮೇಲೆ ಜಾರಿಸಿ, ದಣಿವಾರಿಸಿಕೊಂಡು, ಯಾರ ಕೈಯನ್ನೂ ಕಾಯದೆ ಮತ್ತೆ ಹೊತ್ತು ನಡೆಯಬಹುದು. ಇಲ್ಲಿ ಒದ್ದೆ ಮೆಟ್ಟಿಲ ಮೇಲೆ ಇಳಿಸಿದ ಒಂದು ಗಂಟಿನಲ್ಲಿ ಕೆಂಪು ಖಣದ ಬಣ್ಣ ಹಳದಿಗೆ ಹತ್ತಿ ಮಾಲು ಕೆಟ್ಟಿತು. ಮತ್ತೆಂದೂ ಕೆಳಗಿಡಲಾಗದೆ ಹೊತ್ತುಕೊಂಡೇ ನಿಂತರೆ, ಮೆಟ್ಟಿಲ ನಡುವಿನ ಮನೆಯ ವಿಧವೆ ಫ್ರಾವ್ ಲೆಮ್ಕೆ ಕರೆಯದೆಯೇ ಹೊರಗೆ ಬಂದು ಗಂಟಿಗೆ ಒಂದು ಕೈ ಕೊಡುವಳು. ಅವಳ ಹಿತ್ತಲಿನಲ್ಲಿ ಯುದ್ಧದಲ್ಲಿ ಬಿದ್ದ ಮನೆಯ ಕಲ್ಲುಗಳಿದ್ದವು. ಕೇಳಿದ, ಕೊಟ್ಟಳು. ಬೇಲಿ ಸರಿಸಿ ಅವಳ ತೋಟದ ಅಂಚಿನಲ್ಲೇ ಹೊರೆಗಲ್ಲು ನಿಲ್ಲಿಸಿದ.

"ಊರ ಬಿಡ್ತೀನಿ ಅನ್ನಾವ್ರು ಹೊರೆಗಲ್ಲ ನಿಲ್ಲಸ್ತಾರೇನ್ರೀ?" ಎಂದಳು ನೀಲವ್ವ.

"ಇದು ನನ್ನ ಕುತ್ತಿಗಿ ಸಲುವಾಗಿ. ಹೋಗೂತನಕ ಉಳದ್ರ ಸಾಕು."

ತಪ್ಪಾದದ್ದು ಅಲ್ಲಿಯೇ. ಆ ಊರಿನಲ್ಲಿ ಯಾರೂ ತಲೆಯ ಮೇಲೆ ಹೊರುವುದಿಲ್ಲ; ಕೈಯಲ್ಲಿ ಚೀಲ ಹಿಡಿದು ಹತ್ತುತ್ತಾರೆ. ಭುಜದೆತ್ತರದ ಕಲ್ಲಿನ ಕೆಳಗೆ ಆಲೂಗಡ್ಡೆ ಚೀಲ ಹಿಡಿದು ನಿಂತ ಲೆಮ್ಕೆ, "ಹೆರ್ ಬರಗುಂಡಿ, ಇದನ್ನು ಜಿರಾಫೆಗೆ ಕಟ್ಟಿದಿರೇನು?" ಎಂದಾಗ ಮೆಟ್ಟಿಲಿಗೆ ಮೆಟ್ಟಿಲೇ ನಕ್ಕಿತು. ಅವನೂ ನಕ್ಕ, ಆದರೆ ಒಳಗೆ ಚುಚ್ಚಿತು. ದಾರಿಹೋಕರಿಗೆ ಒದಗದ ಹೊರೆಗಲ್ಲನ್ನು ಅವನ ಸೀಮೆಯಲ್ಲಿ ಯಾರೂ ನಿಲ್ಲಿಸಿದ್ದಿಲ್ಲ.

ಅಷ್ಟರಲ್ಲಿ ಕೊಲೋನ್‌ನಿಂದ ಸುದ್ದಿ ಬಂತು: ಅಂಗಡಿಯೊಂದು ತೆರವಾಗಿದೆ, ಶನಿವಾರ ಖುದ್ದಾಗಿ ಬಂದು ಒಪ್ಪಿಕೊಳ್ಳದಿದ್ದರೆ ಬೇರೆಯವರ ಪಾಲು. ಶನಿವಾರ ಬೆಳಗ್ಗೆ, ಜಿನುಗು ಮಳೆಯಲ್ಲಿ, ಆ ದೊಡ್ಡ ಗಂಟನ್ನೇ ಹೊತ್ತು ಮಹಾಲಿಂಗಪ್ಪ ಇಳಿದ. ಕಲ್ಲಿನ ಬಳಿ ಹೊರೆ ಜಾರಿಸಿದಾಗ ಕಂಡಿತು: ಅದರ ಬುಡದಲ್ಲೇ, ಒದ್ದೆ ಮೆಟ್ಟಿಲ ಮೇಲೆ, ಚೀಲ ಮಗ್ಗುಲಿಗಿಟ್ಟುಕೊಂಡು ಲೆಮ್ಕೆ ಏದುಸಿರು ಬಿಡುತ್ತ ಕೂತಿದ್ದಾಳೆ.

"ಹೊರಟಿರಾ? ಹೋಗಿ. ಈ ಊರಲ್ಲೇನಿದೆ, ಮಳೆ!" ಎಂದು ಎದ್ದವಳು, ತನ್ನ ಚೀಲ ಅಲ್ಲೇ ಬಿಟ್ಟು, ಅವನ ಗಂಟಿಗೆ ಎಂದಿನಂತೆ ಕೈ ಕೊಡಲು ಬಂದಳು.

ಮಹಾಲಿಂಗಪ್ಪ ಗಂಟು ಎತ್ತಲಿಲ್ಲ. ಅವನೇನು ಕರಗುವ ಆಸಾಮಿಯಲ್ಲ. ನಿಂತಲ್ಲೇ ಲೆಕ್ಕ ಹಾಕಿದ. ಖಣಕ್ಕೆ ಅಂಚು ಕಟ್ಟಲು ಇಲ್ಲಿಯ ಮಗ್ಗಗಳ ಉಳಿಕೆ ರಿಬ್ಬನ್ನು ಕೈಗೆಟಕುವಂತಿದೆ. ಬಾಡಿಗೆ ಹಗುರ. ಹೆಸರು ಹಿಡಿದು ಕರೆಯುವ ಗಿರಾಕಿಗಳಿದ್ದಾರೆ. ಕೊಲೋನ್‌ನಲ್ಲಿ ಮೆಟ್ಟಿಲಿಲ್ಲ, ನಿಜ. ಹೊರೆಗೆ ಕೈ ಕೊಡಲು ಹೊರಬರುವವರು ಇದ್ದಾರೆಯೇ? ಲೆಮ್ಕೆಯ ಹಿತ್ತಲಿಗೆ ಹೋದ. ಗಿಡ್ಡ ಕಲ್ಲೊಂದನ್ನು ಉರುಳಿಸುತ್ತ ತಂದು ಎತ್ತರದ ಕಲ್ಲಿನ ಮಗ್ಗುಲಿಗೆ ಹೂಡಿ, ಲೆಮ್ಕೆಯ ಚೀಲವನ್ನು ಅದರ ಮೇಲಿಟ್ಟು ನೋಡಿದ. ಎತ್ತರ ಸರಿಹೋಯಿತು. ಕೆಳಗೆ ರೈಲು ಕೂಗಿ ಹೊರಟುಹೋಯಿತು.

ಕೆಸರು ಮೆತ್ತಿಕೊಂಡು, ಗಂಟು ಹೊತ್ತು ಮನೆಗೆ ಮರಳಿದವನನ್ನು ನೋಡಿ ನೀಲವ್ವ, "ರೈಲು ತಪ್ಪಿತೇನ್ರೀ?" ಎಂದಳು.

"ತಪ್ಪಲಿಲ್ಲ. ಬಿಟ್ಟೆ."

ಅವಳು ದೊಡ್ಡ ಗಂಟಿನ ಕಗ್ಗಂಟನ್ನು ಬಿಚ್ಚತೊಡಗಿದಳು. ಆದರೂ ಸಂಜೆಯ ರೈಲು ನೋಡುವ ಚಾಳಿಯನ್ನು ಅವನು ಸಾಯುವ ತನಕ ಬಿಡಲಿಲ್ಲ ಎನ್ನುತ್ತಾರೆ.

ಇಂದಿಗೂ ಆ ಕಲ್ಲುಗಳಿವೆ. ಎತ್ತರದ್ದರ ಮೇಲೆ ಪಾಚಿ ಬೆಳೆದಿದೆ. ಗಿಡ್ಡ ಕಲ್ಲಿನ ನಡುವೆ ಮಾತ್ರ ಪಾಚಿ ನಿಲ್ಲುವುದಿಲ್ಲ; ಚೀಲಗಳು ಅದನ್ನು ಸವೆಸಿ ತಟ್ಟೆಯಂತೆ ತಗ್ಗು ಮಾಡಿವೆ. ಹೊಸದಾಗಿ ಓದಲೋ ದುಡಿಯಲೋ ಬಂದ ನಮ್ಮ ಕಡೆಯವರು ಸೂಟ್‌ಕೇಸನ್ನು ಅದರ ಮೇಲಿಟ್ಟು, ಬೆವರೊರೆಸಿಕೊಂಡು, "ಥೂ, ಏನೂರಪ್ಪ ಇದು! ಆರು ತಿಂಗಳು, ಆಮೇಲೆ ಬರ್ಲಿನ್‌ಗೆ" ಎನ್ನುತ್ತಾರೆ. ಜೊತೆಗಿದ್ದ ಹಳಬರು ಸೂಟ್‌ಕೇಸಿನ ಇನ್ನೊಂದು ತುದಿಗೆ ಕೈ ಹಾಕುತ್ತಾರೆ.