ನಿಷೇಧದ ಎರಡನೆಯ ವರ್ಷ

ಇದು ನಡೆದದ್ದು ೨೦೧೪ನೆಯ ಇಸವಿಯ ಜನವರಿ ಹದಿನೆಂಟು, ಶನಿವಾರ ಬೆಳಿಗ್ಗೆ.

ನದಿ ದಂಡೆಯಲ್ಲಿ ಒಂದು ಕಾಲೇಜು. ಅದರ ಹಿಂದೆ ಮೈದಾನ. ಮೈದಾನ ಮುಗಿದಲ್ಲಿ ನೀರು.

ಅಲ್ಲಿ ಹುಡುಗಿಯರ ಖೋ ಖೋ ತಂಡವಿತ್ತು. ಕಲಿಸುವವರು ತಿಪ್ಪೇಸ್ವಾಮಿ ಮೇಷ್ಟ್ರು. ನಾಯಕಿ ಕಸ್ತೂರಿ, ಬಿ.ಎಸ್ಸಿ. ಕೊನೆಯ ವರ್ಷ.

ತಂಡದ ಮೇಲೆ ನಿಷೇಧವಿತ್ತು. ಎರಡು ಶೈಕ್ಷಣಿಕ ವರ್ಷ ಯಾವ ಪಂದ್ಯವನ್ನೂ ಆಡುವಂತಿರಲಿಲ್ಲ.

ಕಾರಣ ಕಸ್ತೂರಿ. ೨೦೧೨ರ ಸೆಪ್ಟೆಂಬರ್‌ನಲ್ಲಿ ಅಂತರಕಾಲೇಜು ಟೂರ್ನಿಯ ಸೆಮಿಫೈನಲ್ ಆಡುವಾಗ ತಂಡದ ಪ್ರೇಮಾಳ ಕಾಲು ಉಳುಕಿತು. ಬದಲಿ ಆಟಗಾರ್ತಿಯರಿದ್ದರು. ಆದರೆ ಹೊನ್ನಮ್ಮನ ಓಟ ಅವರಲ್ಲಿ ಯಾರಿಗೂ ಇರಲಿಲ್ಲ.

ಹೊನ್ನಮ್ಮ ಆಟ ನೋಡಲು ಬಂದಿದ್ದಳು. ಹಿಂದಿನ ವರ್ಷ ತಂಡದಲ್ಲಿದ್ದು, ಗಣಿತದಲ್ಲಿ ಫೇಲಾಗಿ ಕಾಲೇಜು ಬಿಟ್ಟವಳು.

ಫೈನಲ್‌ಗೆ ಕಸ್ತೂರಿ ಅವಳಿಗೆ ಪ್ರೇಮಾಳ ಅಂಗಿ ತೊಡಿಸಿದಳು. ಪ್ರೇಮಾಳ ಗುರುತಿನ ಚೀಟಿಯನ್ನೂ ಕೊಟ್ಟಳು. ಚೀಟಿಯ ಫೋಟೋದಲ್ಲಿ ಎರಡು ಜಡೆ. ಹೊನ್ನಮ್ಮನಿಗೂ ಎರಡು ಜಡೆ. ಅಷ್ಟು ಸಾಕಾಯಿತು.

ಮೇಷ್ಟ್ರು ಆ ಹೊತ್ತಿನಲ್ಲಿ ಪಕ್ಕದ ಮೈದಾನದಲ್ಲಿ ಹುಡುಗರ ತಂಡದ ಜೊತೆ ಇದ್ದರು.

ಕಪ್ ಬಂತು. ವಾಪಸ್ ಬರುವ ಬಸ್ಸಿನಲ್ಲಿ ಕಸ್ತೂರಿಯೇ ನಗುತ್ತ ಎಲ್ಲ ಹೇಳಿದಳು. ಮೇಷ್ಟ್ರು ಬೆನ್ನು ತಟ್ಟುತ್ತಾರೆ ಅಂದುಕೊಂಡಿದ್ದಳು.

ಮೇಷ್ಟ್ರು ಕಿಟಕಿಯ ಕಡೆ ತಿರುಗಿದರು.

ಮರುದಿನ ವಿಶ್ವವಿದ್ಯಾಲಯಕ್ಕೆ ಪತ್ರ ಬರೆದರು. ಕಪ್ಪನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು ಹೋಗಿ ತಾವೇ ಕೊಟ್ಟುಬಂದರು.

ನಿಷೇಧ ಬಂದ ಮೇಲೂ ಅವರು ದಿನಾ ಬೆಳಿಗ್ಗೆ ಆರಕ್ಕೆ ಮೈದಾನಕ್ಕೆ ಬಂದು ಸುಣ್ಣದ ಪುಡಿಯಲ್ಲಿ ಗೆರೆ ಎಳೆಯುತ್ತಿದ್ದರು. ಪಂದ್ಯವಿಲ್ಲದ ತಂಡದಲ್ಲಿ ಹೆಚ್ಚು ದಿನ ಯಾರಿರುತ್ತಾರೆ? ಹನ್ನೆರಡು ಹುಡುಗಿಯರಲ್ಲಿ ಏಳು ಮಂದಿ ಬಿಟ್ಟುಹೋದರು.

ಖೋ ಖೋ ಅಂಕಣದಲ್ಲಿ ಎಂಟು ಚೌಕಗಳು. ಎಂಟರಲ್ಲೂ ಒಬ್ಬೊಬ್ಬರು ಕೂರಬೇಕು. ಹುಡುಗಿಯರಿಲ್ಲದ ಚೌಕಗಳಲ್ಲಿ ಮೇಷ್ಟ್ರು ಇಟ್ಟಿಗೆ ಇಟ್ಟರು.

ಆ ಶನಿವಾರ ಕಸ್ತೂರಿ ಹೆಗಲಿಗೆ ಬ್ಯಾಗು ಹಾಕಿಕೊಂಡು ಬಂದಳು. ಕಾಲಲ್ಲಿ ಚಪ್ಪಲಿ.

"ಬ್ಯಾಗ್ ಯಾಕೆ?" ಮೇಷ್ಟ್ರು ಕೇಳಿದರು.

"ಆಚೆ ದಡಕ್ಕೆ ಹೋಗ್ತಿದೀನಿ ಸಾರ್. ನಾಳೆ ಅಲ್ಲಿ ಫೈನಲ್."

"ನೋಡೋಕಾ?"

"ಆಡೋಕೆ."

ಮೇಷ್ಟ್ರು ಗೆರೆ ಎಳೆಯುವುದನ್ನು ನಿಲ್ಲಿಸಲಿಲ್ಲ.

"ಅದು ಬೇರೆ ಜಿಲ್ಲೆ ಸಾರ್, ಬೇರೆ ಯೂನಿವರ್ಸಿಟಿ. ನನ್ನ ಮುಖ ಅಲ್ಲಿ ಯಾರಿಗೂ ಗೊತ್ತಿಲ್ಲ. ಅವರ ಹುಡುಗಿಗೆ ಜ್ವರ ಬಂದಿದೆ. ಅವಳ ಹೆಸರಲ್ಲಿ ಒಂದೇ ಒಂದು ಮ್ಯಾಚ್."

"ಏನು ಹೆಸರು?"

"ವಿದ್ಯಾಶ್ರೀ."

"ಚೆನ್ನಾಗಿದೆ."

ಕಸ್ತೂರಿ ಕಾದಳು.

"ಬೈಯೋದಾದ್ರೂ ಬೈಯಿರಿ ಸಾರ್."

"ಗೆರೆ ತುಳೀಬೇಡ. ಈಗ ತಾನೇ ಎಳೆದಿದ್ದು."

ಅವಳು ಹಿಂದೆ ಸರಿದಳು.

"ಹದಿನಾರು ತಿಂಗಳಾಯ್ತು ಸಾರ್. ಮೊದಮೊದಲು ಕನಸಲ್ಲಿ ಎದುರಾಳಿ ತಂಡ ಬರ್ತಿತ್ತು. ಈಗ ಇಟ್ಟಿಗೆಗಳೇ ಬರ್ತಾವೆ."

ಎರಡನೆಯ ವರ್ಷದ ಮಮ್ತಾಜ್ ಅಲ್ಲೇ ಕೂತು ಶೂ ಕಟ್ಟುತ್ತಿದ್ದಳು. "ನನ್ನ ಇಟ್ಟಿಗೆ ನಿನ್ನೆ ಖೋ ಕೊಟ್ಟಾಗ ಸ್ವಲ್ಪ ಎದ್ದಂಗೆ ಮಾಡ್ತು ಕಣಕ್ಕ. ಇನ್ನೊಂದು ತಿಂಗಳು ಪ್ರಾಕ್ಟೀಸ್ ಕೊಟ್ರೆ ಓಡುತ್ತೆ."

ಹುಡುಗಿಯರು ನಕ್ಕರು. ಕಸ್ತೂರಿ ನಗಲಿಲ್ಲ.

"ಭಾನುವಾರ ಬೆಳಿಗ್ಗೆ ಗಾಳಿ ಆಚೆಯಿಂದ ಬೀಸಿದ್ರೆ ಅಲ್ಲಿನ ಸೀಟಿ ಇಲ್ಲಿಗೆ ಕೇಳುತ್ತೆ ಸಾರ್. ಹಾಸ್ಟೆಲಲ್ಲಿ ಬಟ್ಟೆ ಒಗೀತಾ ಇರ್ತೀನಿ. ಕಾಲು ತಾನಾಗೇ ಎದ್ದುಬಿಡುತ್ತೆ. ಎದ್ದು ಎಲ್ಲಿಗೆ ಹೋಗಲಿ?"

ಮೇಷ್ಟ್ರು ಸುಣ್ಣದ ಡಬ್ಬ ಕೆಳಗಿಟ್ಟರು.

"ಒಂದು ಕೇಳ್ತೀನಿ," ಅಂದಳು. "ಅವತ್ತು ಯಾರು ನೋಡಿದ್ರು? ಅಂಪೈರ್ ನೋಡಲಿಲ್ಲ. ಸೋತವರು ನೋಡಲಿಲ್ಲ. ನಾನು ಬಾಯಿ ಬಿಡದಿದ್ರೆ ನಿಮಗೂ ಗೊತ್ತಾಗ್ತಿರಲಿಲ್ಲ. ಮತ್ತೆ ಯಾಕೆ ಬರೆದ್ರಿ?"

"ಬಸ್ ಎಷ್ಟು ಹೊತ್ತಿಗೆ?"

"ಎಂಟಕ್ಕೆ."

"ಇನ್ನೂ ಟೈಮಿದೆ. ಒಂದು ಸುತ್ತು ಕೂತು ಹೋಗು."

ಅವಳು ಬ್ಯಾಗು ಇಳಿಸಿದಳು. ಚಪ್ಪಲಿ ಬಿಟ್ಟಳು. ನಾಲ್ಕನೆಯ ಚೌಕದಲ್ಲಿ ಕುಕ್ಕರಗಾಲಲ್ಲಿ ಕೂತಳು.

ಒಂದು, ಮೂರು, ಐದನೆಯ ಚೌಕಗಳಲ್ಲಿ ಹುಡುಗಿಯರು ಕೂತರು. ಅವರ ಮುಖ ಕಸ್ತೂರಿಯ ಮುಖಕ್ಕೆ ವಿರುದ್ಧ ದಿಕ್ಕಿಗೆ. ಉಳಿದವು ಇಟ್ಟಿಗೆಗಳು. ಬೆನ್ನಟ್ಟುವವಳು ಮಮ್ತಾಜ್.

"ಓಡೋರು ಯಾರು ಸಾರ್?"

ಮೇಷ್ಟ್ರು ಪ್ಯಾಂಟು ಮಡಚಿದರು. "ನಾನು."

"ಮೊಣಕಾಲು ಸಾರ್?"

"ಅದೂ ನನ್ನ ಜೊತೆನೇ ಓಡುತ್ತೆ."

ಓಡಿದರು. ವೇಗವಿರಲಿಲ್ಲ. ಆದರೆ ಮಮ್ತಾಜ್ ಯಾವ ಕಡೆ ವಾಲುತ್ತಾಳೆಂದು ಅವಳಿಗಿಂತ ಮೊದಲೇ ಅವರಿಗೆ ತಿಳಿಯುತ್ತಿತ್ತು. ಇಟ್ಟಿಗೆಗಳ ನಡುವೆ ನುಸುಳಿದರು. ಮಮ್ತಾಜ್ ಕಂಬ ಸುತ್ತಲು ಆಚೆ ತುದಿಗೆ ಓಡಿದಳು.

ಮೇಷ್ಟ್ರು ಕಸ್ತೂರಿಯ ಎದುರಿಗೆ ಬಂದು ನಿಂತರು.

ಒಂದು ಮೊಳ ದೂರ. ಏದುಸಿರು ಬಿಡುತ್ತಿದ್ದರು. ಗಲ್ಲದಿಂದ ಒಂದು ಹನಿ ಬೆವರು ಮಣ್ಣಿಗೆ ಬಿತ್ತು.

ಹದಿನಾರು ತಿಂಗಳಲ್ಲಿ ಮೊದಲ ಸಲ ಓಡುವವರೊಬ್ಬರು ಅವಳ ಕೈಗೆ ಎಟಕುವಷ್ಟು ಹತ್ತಿರ ನಿಂತಿದ್ದರು.

ಕೂತವಳು ಬೆನ್ನ ಹಿಂದಿನಿಂದ ಖೋ ಬರುವ ತನಕ ಏಳುವಂತಿಲ್ಲ, ಯಾರನ್ನೂ ಮುಟ್ಟುವಂತಿಲ್ಲ. ಅವಳು ಆರನೇ ಕ್ಲಾಸಿನಲ್ಲಿ ಮೊದಲು ಕಲಿತದ್ದು ಅದನ್ನೇ.

ಕೈ ಚಾಚಿತು. ಅವರ ಮೊಣಕಾಲನ್ನು ಮುಟ್ಟಿತು.

ಮೇಷ್ಟ್ರು ಬಲಗೈ ಎತ್ತಿದರು. ಔಟಾದವರು ಎತ್ತುವ ಹಾಗೆ. ಅಂಕಣ ಬಿಟ್ಟು ಹೊರಗೆ ನಡೆಯತೊಡಗಿದರು.

ಕಂಬ ಸುತ್ತಿ ತಿರುಗಿದ ಮಮ್ತಾಜ್ ನಿಂತುಬಿಟ್ಟಳು. "ಸಾರ್ ಔಟಾ? ಯಾರು ಮುಟ್ಟಿದ್ದು? ನಾನಂತೂ ಅಲ್ಲಿರಲಿಲ್ಲಪ್ಪ."

ಕೂತ ಹುಡುಗಿಯರು ತಿರುಗಿ ನೋಡಿದರು. ಅವರಿಗೂ ಗೊತ್ತಿರಲಿಲ್ಲ.

ಮೇಷ್ಟ್ರು ಗೆರೆಯವರೆಗೆ ಹೋಗಿದ್ದರು.

"ಸಾರ್, ನಿಲ್ಲಿ," ಕಸ್ತೂರಿ ಅಂದಳು.

"ಯಾಕೆ? ಮುಟ್ಟಿದೆಯಲ್ಲ."

"ಖೋ ಬಂದಿರಲಿಲ್ಲ."

"ಬಂದಿತ್ತು ಅಂತ ಹೇಳು. ಈ ಮಮ್ತಾಜ್‌ಗೆ ತಾನು ಏನು ಕೂಗಿದೆ ಅನ್ನೋದು ಅರ್ಧ ಸಲ ನೆನಪಿರಲ್ಲ."

"ಇಲ್ಲ ಸಾರ್. ಫೌಲ್."

"ಯಾರದ್ದು?"

"ನನ್ನದು."

ಮೇಷ್ಟ್ರು ತಿರುಗಿ ಬಂದರು. ಅದೇ ಜಾಗದಲ್ಲಿ ನಿಂತರು. ಆಟ ಮುಂದುವರಿಯಿತು.

ಎಂಟಕ್ಕೆ ಸೇತುವೆಯ ಮೇಲೆ ಬಸ್ಸು ಹಾರ್ನ್ ಹೊಡೆಯಿತು.

"ಅಕ್ಕ, ಬಸ್ಸು!" ಮಮ್ತಾಜ್ ಓಡುತ್ತಲೇ ಕೂಗಿದಳು.

"ಕಂಡೆ. ನೀನು ಸಾರನ್ನ ಹಿಡಿ."

ಬಸ್ಸು ಆಚೆ ದಡ ಸೇರಿತು. ಕಸ್ತೂರಿ ಚೌಕದಲ್ಲೇ ಇದ್ದಳು.

ಆಟ ಮುಗಿದು ಹುಡುಗಿಯರು ನಲ್ಲಿಯ ಕಡೆ ಹೋದರು. ಮೇಷ್ಟ್ರು ಐದನೆಯ ಚೌಕಕ್ಕೆ ಒಂದು ಇಟ್ಟಿಗೆ ಎಳೆದುಕೊಂಡು ಅದರ ಮೇಲೆ ಕೂತರು. ಮೊಣಕಾಲು ತಿಕ್ಕಿಕೊಂಡರು.

"ಆಸೆ ಹೋಗಲಿಲ್ಲ ಸಾರ್," ಕಸ್ತೂರಿ ಅಂದಳು.

"ಹೋಗಬೇಕು ಅಂತ ಯಾರು ಹೇಳಿದ್ರು?"

"ಮತ್ತೆ ಇದನ್ನ ಇಟ್ಕೊಂಡು ಏನು ಮಾಡಲಿ?"

"ನಾಳೆ ಆರಕ್ಕೆ ಬಾ."

ಅವಳು ಹೊಳೆಯ ಕಡೆ ನೋಡಿದಳು.

"ನನ್ನ ಕೊನೆ ಪೇಪರ್ ಮೇ ಇಪ್ಪತ್ತಕ್ಕೆ. ಅಲ್ಲಿಗೆ ಕಾಲೇಜು ಮುಗೀತು. ನಿಷೇಧ ಮುಗಿಯೋದು ಜೂನ್ ಮೂವತ್ತಕ್ಕೆ. ನಲವತ್ತೊಂದು ದಿನ ಸಾರ್. ನಲವತ್ತೊಂದು ದಿನದಲ್ಲಿ ನನ್ನ ಆಟ ತಪ್ಪಿಹೋಯ್ತು. ರಾತ್ರಿ ಮಲಗಿದ್ರೆ ಅದೇ ಲೆಕ್ಕ."

ಮೇಷ್ಟ್ರು ಮಡಚಿದ್ದ ಪ್ಯಾಂಟು ಬಿಡಿಸಿಕೊಂಡರು.

"ನಿಮಗೆ ಹೇಳಿ ಏನು ಪ್ರಯೋಜನ? ಜುಲೈ ಬಂದ್ರೆ ನೀವು ಈ ಮಮ್ತಾಜ್‌ನ, ಉಳಿದವರನ್ನ ಕರ್ಕೊಂಡು ಟೂರ್ನಿಗೆ ಹೋಗ್ತೀರಿ."

"ಹೊಸ ಮೇಷ್ಟ್ರು ಕರ್ಕೊಂಡು ಹೋಗ್ತಾರೆ."

"ಹೊಸಬರಾ? ನೀವು?"

"ನಾನು ಮೇ ಮೂವತ್ತೊಂದಕ್ಕೆ ರಿಟೈರ್."

ನಲ್ಲಿಯ ಹತ್ತಿರ ಹುಡುಗಿಯರು ಒಬ್ಬರ ಮೇಲೊಬ್ಬರು ನೀರೆರಚಿಕೊಂಡು ಕಿರುಚುತ್ತಿದ್ದರು. ಕಸ್ತೂರಿ ಮೇಷ್ಟ್ರ ಕಡೆ ತಿರುಗಿದಳು.

"ಎರಡು ವರ್ಷ ಹಾಕ್ತಾರೆ ಅಂತ ಪತ್ರ ಬರೆಯುವಾಗ ಗೊತ್ತಿತ್ತಾ ಸಾರ್?"

"ನಿಯಮದ ಪುಸ್ತಕದಲ್ಲಿ ಹಾಗೇ ಇತ್ತು."

"ನೀವೂ ಲೆಕ್ಕ ಹಾಕಿದ್ರಾ?"

"ಮೂವತ್ತು ದಿನ."