ಮೊದಲು ಬೇವು, ಆಮೇಲೆ ಸುದ್ದಿ

ಹುಲಿಕೊಳ್ಳದ ಮಠಕ್ಕೆ ಹೊಲ ಇರಲಿಲ್ಲ, ಆನೆ ಇರಲಿಲ್ಲ, ಗೋಪುರವಂತೂ ಇರಲೇ ಇಲ್ಲ. ಇದ್ದದ್ದು ಒಂದು ಕಲ್ಲಿನ ಕಟ್ಟೆ, ಅದರ ಪಕ್ಕ ಒಂದು ಬೇವಿನ ಮರ. ಆದರೂ ಆ ಊರಿನವರು ಹೋದಲ್ಲೆಲ್ಲ ಎದೆಯುಬ್ಬಿಸಿ ಹೇಳುತ್ತಿದ್ದರು: "ನಾವು ಸುದ್ದಿಕಟ್ಟೆಯ ಊರಿನವರು."

ಹೇಳಲಿ ಬಿಡಿ, ಹೇಳಿಕೊಳ್ಳುವಂಥ ಮಾತೇ ಅದು.

ದಿನಾ ಸಂಜೆ ಊರು ಅಲ್ಲಿ ಸೇರುತ್ತಿತ್ತು. ಯಾರು ಬೇಕಾದರೂ ಕಟ್ಟೆ ಹತ್ತಿ ಸುದ್ದಿ ಹೇಳಬಹುದಿತ್ತು. ನಿಯಮ ಮಾತ್ರ ಒಂದಿತ್ತು. ಹತ್ತುವ ಮೊದಲು ಬೇವಿನ ಎಲೆ ಅಗಿಯಬೇಕು, ಹತ್ತಿದ ಮೇಲೆ ಹೇಳುವ ಮೊದಲ ಸುದ್ದಿ ತನ್ನವರಿಗೇ ಕಹಿಯಾಗಬೇಕು. ಮೇಲಿನೋಣಿಯವನಾದರೆ ಮೇಲಿನೋಣಿಯ ತಪ್ಪು, ಕೆಳಗಿನೋಣಿಯವನಾದರೆ ಕೆಳಗಿನೋಣಿಯ ತಪ್ಪು. ಅದಾದ ಮೇಲೆ ಊರ ಸುದ್ದಿ, ಲೋಕದ ಸುದ್ದಿ, ಏನಾದರೂ ಹೇಳಿಕೊ. ಇಳಿದು ಬಂದವನಿಗೆ ಮಠದ ಸ್ವಾಮಿಗಳಾದ ಅಜ್ಜಾರು ಕೈಯಾರೆ ಬೆಲ್ಲ ಕೊಡುತ್ತಿದ್ದರು.

ಅಜ್ಜಾರ ಶಿಷ್ಯ ಕಲ್ಲಿನಾಥ. ಮೇಲಿನೋಣಿಯಲ್ಲಿ ಹುಟ್ಟಿದವನು. ಬಹಳ ಕಾಲ ಪರಸ್ಥಳದಲ್ಲಿ ಓದಿ ಬಂದು, ಮಠ ಸೇರಿ ಇನ್ನೂ ವರ್ಷ ತುಂಬಿರಲಿಲ್ಲ. ಕಂಚಿನ ಕಂಠ ಅವನದು. ಅದು ಅವನಿಗೂ ಗೊತ್ತಿತ್ತು. ತೊಂದರೆ ಶುರುವಾದದ್ದೇ ಅಲ್ಲಿಂದ.

ಪಂಚಾಯ್ತಿ ಚುನಾವಣೆ ಬಂತು. ಮೇಲಿನೋಣಿಯಿಂದ ಕಲ್ಲಿನಾಥನ ಅಣ್ಣ ಅಂದಾನಪ್ಪ ನಿಂತ. ಕೆಳಗಿನೋಣಿಯಿಂದ ಫಕ್ಕೀರವ್ವ ನಿಂತಳು. ಊರು ಎರಡು ಹೋಳಾಯಿತು. ಈ ಓಣಿಯ ಮೊಬೈಲಿನಲ್ಲಿ ಸತ್ಯವಾದದ್ದು ಆ ಓಣಿಯ ಮೊಬೈಲಿನಲ್ಲಿ ಸುಳ್ಳಾಗುತ್ತಿತ್ತು.

ಒಂದು ದಿನ ಅಣ್ಣನಿಂದ ಕಲ್ಲಿನಾಥನಿಗೆ ಒಂದು ವಿಡಿಯೋ ಬಂತು. ಫಕ್ಕೀರವ್ವ ಊರ ಕೆರೆಯಲ್ಲಿ ಎದೆಮಟ್ಟ ನಿಂತು, ಹಾರೆ ಹಾಕಿ ತೂಬು ಎತ್ತುತ್ತಿದ್ದಳು. ಕೆಳಗೆ ಬರೆದಿತ್ತು: 'ಇವತ್ತು ಬೆಳಗಿನ ಜಾವ ಊರ ನೀರು ಕದ್ದ ಕಳ್ಳಿ.'

ಕಲ್ಲಿನಾಥನ ರಕ್ತ ಕುದಿಯಿತು. ಸಂಜೆ ಬೇವು ಅಗಿದು ಕಟ್ಟೆ ಹತ್ತಿದ.

"ಮೊದಲು ನಮ್ಮ ಓಣಿಯ ತಪ್ಪು ಹೇಳ್ತೀನಿ," ಎಂದ. "ನಮ್ಮದು ಒಂದ ತಪ್ಪು. ನಾವು ಸಿಕ್ಕಾಪಟ್ಟೆ ತಾಳ್ಮಿ ಇರೋ ಜನ!"

ಮೇಲಿನೋಣಿಯವರು ಚಪ್ಪಾಳೆ ಹೊಡೆದರು, ಸೀಟಿ ಹಾಕಿದರು. ಆಮೇಲೆ ಅವನು ಫಕ್ಕೀರವ್ವನ ವಿಷಯ ಎತ್ತಿದ. ಆ ಕಂಠಕ್ಕೆ ಊರ ಕೊನೆಯ ಮನೆಯ ನಾಯಿಯೂ ಎದ್ದು ಕೂತಿತು.

ಇಳಿದು ಬಂದು ಅಜ್ಜಾರ ಮುಂದೆ ಕೈ ಚಾಚಿದ. ಅಜ್ಜಾರು ಬೆಲ್ಲದ ಡಬ್ಬಿಯ ಮುಚ್ಚಳ ತೆಗೆಯಲಿಲ್ಲ.

"ಅಜ್ಜಾರ, ಬೆಲ್ಲ?"

"ಮ್ಯಾಲ ತಿಂದ ಬಂದಿಯಲ್ಲೋ," ಎಂದರು ಅಜ್ಜಾರು.

ಮರುದಿನ ಬೆಳಿಗ್ಗೆ ಫಕ್ಕೀರವ್ವನ ಬಾಗಿಲಿಗೆ ಯಾರೋ ರಾಡಿ ಬಳಿದಿದ್ದರು. ಮಗ್ಗುಲ ಗೋಡೆಯ ಮೇಲೆ ಇದ್ದಲಿಯಲ್ಲಿ 'ಕಳ್ಳಿ' ಎಂದು ಬರೆದಿದ್ದರು.

ಅವಳು ಮಠಕ್ಕೆ ಬಂದಳು. ಒಳಗೆ ಕಾಲಿಡಲಿಲ್ಲ. ಬೇವಿನ ಮರದ ಕೆಳಗೇ ನಿಂತು ಹೇಳಿದಳು:

"ಅಜ್ಜಾರ, ನಾಳೆ ತಾಲೂಕಿಗೆ ಹೋಗಿ ನಾಮಪತ್ರ ವಾಪಸ್ ತಗೋತೀನ್ರಿ. ಮೊಬೈಲಿನ್ಯಾಗ ಬಂದಿದ್ರ ಜಗಳಾಡತಿದ್ದೆ. ಕಟ್ಟಿ ಮ್ಯಾಲ ಬಂತಲ್ರಿ. ಈ ಕಟ್ಟಿ ಮಾತು ಸುಳ್ಳಾಗಂಗಿಲ್ಲ ಅಂತ ನಮ್ಮಪ್ಪ ಸಾಯೋತನಕ ಹೇಳತಿದ್ದ."

ಹೇಳಿ ಹೊರಟುಹೋದಳು. ಅಜ್ಜಾರು ಶಿಷ್ಯನ ಮುಖ ನೋಡಿದರು.

"ನಾ ಕಣ್ಣಾರೆ ಕಂಡೀನ್ರಿ ಅಜ್ಜಾರ," ಎಂದ ಕಲ್ಲಿನಾಥ. ದನಿ ಇನ್ನೂ ಇಳಿದಿರಲಿಲ್ಲ.

"ಹೌದೇನು? ಹಂಗಾರ ಚಲೋ ಆತು. ಒಂದು ಕೊಡ ತಗೊಂಡು ಕೆರಿಗೆ ಹೋಗು. ಆಕಿ ಎತ್ತಿದ ತೂಬಿನ ಬಾಯಾಗಿಂದ ನೀರು ಹಿಡಕೊಂಡ ಬಾ. ಪೂಜಿಗೆ ಬೇಕು."

ಕೆರೆ ಮಠದ ಹಿಂದೆಯೇ ಇತ್ತು. ಕಲ್ಲಿನಾಥ ಕೊಡ ಹೊತ್ತು ಹೋದ.

ಬೇಸಿಗೆ. ಕೆರೆಯ ನೀರು ನಡುಮಧ್ಯಕ್ಕೆ ಸರಿದು ಹೊಂಡವಾಗಿತ್ತು. ತೂಬಿನ ಕಲ್ಲು ಎತ್ತರದಲ್ಲಿ ಒಣಗಿ ನಿಂತಿತ್ತು. ಅದರ ಮೇಲೆ ಎರಡು ಆಡಿನ ಮರಿಗಳು ಹತ್ತಿ ಇಳಿದು ಆಡುತ್ತಿದ್ದವು.

ಕಲ್ಲಿನಾಥ ಕೊಡ ಕೆಳಗಿಟ್ಟ. ಮೊಬೈಲ್ ತೆಗೆದು ವಿಡಿಯೋ ಮತ್ತೆ ನೋಡಿದ. ಅದರಲ್ಲಿ ಧೋ ಎಂದು ಮಳೆ ಸುರಿಯುತ್ತಿತ್ತು. ಕೆರೆ ಏರಿಯ ಅಂಚಿನವರೆಗೆ ತುಂಬಿತ್ತು. ನಿನ್ನೆ ನೋಡಿದಾಗಲೂ ಅದರಲ್ಲಿ ಸುರಿದಿತ್ತು ಆ ಮಳೆ. ಇವನ ಕಣ್ಣಿಗೆ ಬಿದ್ದದ್ದು ಹಾರೆ ಒಂದೇ.

ನಿನ್ನೆ ಚಪ್ಪಾಳೆ ಹೊಡೆದವರಲ್ಲಿ ಅರ್ಧ ಜನ ಅದೇ ದಿನ ಬೆಳಿಗ್ಗೆ ಅದೇ ಕೆರೆಯ ಹೊಂಡದಲ್ಲಿ ಎಮ್ಮೆ ತೊಳೆದಿದ್ದರು. ಒಬ್ಬರಿಗೂ ಹೊಳೆಯಲಿಲ್ಲ. ಹೊಳೆಯಲಿಲ್ಲವೋ, ಹೊಳೆಯುವುದು ಬೇಕಿರಲಿಲ್ಲವೋ, ಶಿವನೇ ಬಲ್ಲ.

ಶಿಷ್ಯ ಖಾಲಿ ಕೊಡ ತಂದಿಟ್ಟು ಅಜ್ಜಾರಿಗೆ ವಿಡಿಯೋ ತೋರಿಸಿದ.

"ಇದು ಯಾವ ವರ್ಷದ ಮಳಿರಿ, ಅಜ್ಜಾರ?" ಎಂದು ಕೇಳಿದ.

"ನನ್ನ ಯಾಕ ಕೇಳ್ತಿ? ನೀರಾಗ ನಿಂತಾಕಿನ್ನ ಕೇಳು. ದಂಡಿ ಮ್ಯಾಲ ನಿಂತು ವಿಡಿಯೋ ಹಿಡದಾವನ್ನ ಕೇಳು."

ಕಲ್ಲಿನಾಥ ಕೆಳಗಿನೋಣಿಗೆ ಹೋದ. ಮಠ ಸೇರಿದ ಮೇಲೆ ಆ ಓಣಿಗೆ ಕಾಲಿಟ್ಟದ್ದು ಅದೇ ಮೊದಲು. ಫಕ್ಕೀರವ್ವ ಬಾಗಿಲು ತಿಕ್ಕಿ ತೊಳೆಯುತ್ತಿದ್ದಳು. ಇವನನ್ನು ಕಂಡು ಕೈ ನಿಲ್ಲಿಸಲಿಲ್ಲ.

"ಅಕ್ಕಾ, ಆ ವಿಡಿಯೋ ಯಾವಾಗಿಂದು?"

"ದೊಡ್ಡ ಮಳಿ ಬಂದ ವರ್ಷದ್ದು, ತಮ್ಮಾ. ಕೆರಿ ಹಿನ್ನೀರು ನಿಮ್ಮ ಓಣಿಗೆ ನುಗ್ಗಿತ್ತು. ನಿಮ್ಮವರೆಲ್ಲ ಗುಡ್ಡದ ಮ್ಯಾಲಿನ ಕನ್ನಡ ಸಾಲಿಗೆ ಹೋಗಿದ್ರು. ತೂಬು ಎತ್ತಿದ್ರ ನಮ್ಮ ಹೊಲ ಹೋಗ್ತಾವ, ಬಿಟ್ರ ನಿಮ್ಮ ಮನಿ ಹೋಗ್ತಾವ. ಎತ್ತಿದೆ. ನಮ್ಮ ಶೇಂಗಾ ಅಷ್ಟೂ ಕೊಚ್ಚಿಕೊಂಡು ಹೋತು."

"ವಿಡಿಯೋ ಹಿಡದಾವ?"

"ನಿಮ್ಮಣ್ಣ. ಕಣ್ಣೀರು ಹಾಕಿದ್ದ ಅವತ್ತು. ಅಕ್ಕಾ, ಇದನ್ನ ಊರಿಗೆಲ್ಲ ತೋರಸ್ತೀನಿ ಅಂದಿದ್ದ." ಫಕ್ಕೀರವ್ವ ರಾಡಿ ನೀರು ಚೆಲ್ಲಿದಳು. "ತೋರಿಸಿದ ನೋಡು."

"ಇದನ್ನ ನೀವು ಯಾಕ ಯಾರಿಗೂ ಹೇಳಲಿಲ್ಲ?"

"ಯಾರು ಕೇಳಿದ್ರು?"

ಅಲ್ಲಿಂದ ಅಣ್ಣನ ಮನೆಗೆ ಹೋದ. ಅಂದಾನಪ್ಪ ಇಲ್ಲ ಅನ್ನಲಿಲ್ಲ. ತಮ್ಮನನ್ನು ಪಡಸಾಲೆಗೆ ಎಳೆದು ಬಾಗಿಲು ಹಾಕಿದ.

"ಮತದಾನ ಮುಗೀಲಿ. ನಾನ ಹೋಗಿ ಆಕಿ ಕಾಲು ಹಿಡೀತೀನಿ. ಈಗ ನೀ ಬಾಯಿ ಬಿಟ್ಟರ ನಾ ಸೋತೆ. ನೀ ನಮ್ಮಾವ ಹೌದೋ ಅಲ್ಲೋ, ಅದೊಂದು ಹೇಳು!"

ಚಿಕ್ಕಂದಿನಲ್ಲಿ ಎತ್ತಿ ಆಡಿಸಿದ ಅಣ್ಣ. ಕಲ್ಲಿನಾಥ ಕಾಲು ಎಳೆದುಕೊಂಡು ಮಠಕ್ಕೆ ಬಂದ.

"ಅಜ್ಜಾರ, ಇವತ್ತೊಂದಿನ ನಾ ಸುಮ್ಮನಿದ್ದುಬಿಡಲೇನ್ರಿ?"

"ಇರಪ್ಪ. ನಿನ್ನೆ ಬಿಟ್ಟಿಯಲ್ಲ ಆ ಮಾತು, ಅದಕ್ಕೂ ಸುಮ್ಮನಿರು ಅಂತ ಹೇಳಿ ಬಂದುಬಿಡು."

ಸಂಜೆಯಾಯಿತು. ಮೇಲಿನೋಣಿಯವರು ನಿನ್ನೆಯದಕ್ಕಿಂತ ಖಾರದ ಸುದ್ದಿ ಸಿಗುತ್ತದೆಂದು ಮುಂದೆಯೇ ಕೂತಿದ್ದರು. ಕೆಳಗಿನೋಣಿಯವರು ದೂರ ನಿಂತಿದ್ದರು. ಫಕ್ಕೀರವ್ವನೂ ಅವರ ನಡುವೆ ಇದ್ದಳು.

ಕಲ್ಲಿನಾಥ ಬೇವಿನ ಎಲೆ ಕಿತ್ತ. ಒಂದಲ್ಲ, ಒಂದು ಹಿಡಿ. ಅಗಿದು, ನುಂಗಿ, ಕಟ್ಟೆ ಹತ್ತಿದ.

"ಮೊದಲು ನಮ್ಮ ಓಣಿಯ ಸುದ್ದಿ," ಎಂದ. ಕಂಚಿನ ಕಂಠ ಒಡೆದಿತ್ತು. "ನಿನ್ನೆ ಇಲ್ಲಿ ನಿಂತು ಸುಳ್ಳು ಹೇಳಿದಾವ ನಮ್ಮ ಓಣಿಯಾವ. ನಾನು. ಅದನ್ನ ಕಳಿಸಿದಾವನೂ ನಮ್ಮ ಓಣಿಯಾವ. ನನ್ನ ಅಣ್ಣ."

"ಇಳಿಯೋ ಮನಿಮುರುಕಾ!" ಎಂದು ಯಾರೋ ಕೂಗಿದರು. "ಎಷ್ಟು ತಗೊಂಡೀಯೋ ಕೆಳಗಿನೋಣ್ಯಾಗ?" ಎಂದ ಮತ್ತೊಬ್ಬ.

ಕಲ್ಲಿನಾಥ ಇಳಿಯಲಿಲ್ಲ. ಮಳೆ ಹೇಳಿದ, ಹಿನ್ನೀರು ಹೇಳಿದ, ಕೊಚ್ಚಿಹೋದ ಶೇಂಗಾ ಹೇಳಿದ. ಕೊನೆಗೆ ಕೇಳಿದ:

"ನಿನ್ನೆ ಮುಂಜಾನೆ ಕೆರ್ಯಾಗ ಎಮ್ಮಿ ತೊಳೆದವರು ಕೈ ಎತ್ರಿ. ತೂಬಿನ ಬಾಯಾಗ ನೀರಿತ್ತೇನು?"

ಒಂದು ಕೈಯೂ ಏಳಲಿಲ್ಲ. ತಲೆಗಳು ಮಾತ್ರ ಕೆಳಗೆ ಹೋದವು.

ಆಗ ಮೇಲಿನೋಣಿಯ ಒಬ್ಬ ಮುದುಕಿ ಕೋಲೂರಿ ಎದ್ದಳು. "ಆ ವರ್ಷ ನನ್ನ ಮನ್ಯಾಗ ಸೊಂಟಮಟ ನೀರು ಬಂದಿತ್ತು. ತಾನ ಇಳೀತು ಅಂದ್ಕೊಂಡಿದ್ದೆ," ಎಂದಳು. ಫಕ್ಕೀರವ್ವನ ಕಡೆ ತಿರುಗಿ ಕೈ ಮುಗಿದಳು. ಕೂತವರಲ್ಲಿ ಮತ್ತೆ ಕೆಲವರು ಎದ್ದರು.

ಫಕ್ಕೀರವ್ವ ಮುಂದೆ ಬಂದು ಬೇವಿನ ಎಲೆ ಬಾಯಿಗೆ ಹಾಕಿಕೊಂಡಳು. ಕಟ್ಟೆ ಹತ್ತಿದಳು. ಇನ್ನು ಮೇಲಿನೋಣಿಯ ಮಾನ ಹರಾಜು ಎಂದು ಎಲ್ಲರೂ ಉಸಿರು ಹಿಡಿದರು. ಆದರೆ ನಿಯಮ ನಿಯಮವೇ, ಮೊದಲು ತನ್ನವರ ತಪ್ಪು.

"ಅವತ್ತು ತೂಬು ಎತ್ತಿದ ಹಾರೆ ನಮ್ಮ ಓಣಿದಲ್ಲ," ಎಂದಳು ಫಕ್ಕೀರವ್ವ. "ಮೇಲಿನೋಣ್ಯಾಗಿಂದ ಹೇಳದ ಕೇಳದ ತಂದಿದ್ವಿ. ಇನ್ನೂ ವಾಪಸ್ ಕೊಟ್ಟಿಲ್ಲ."

ಗುಂಪಿನ ಹಿಂದಿನಿಂದ ಅಂದಾನಪ್ಪನ ದನಿ ಬಂತು. "ಆ ಹಾರೆ ನಂದು! ಮಳಿ ನಿಂತ ಮ್ಯಾಲ ಎಷ್ಟು ಹುಡುಕೀನಿ ಅದಕ್ಕ!"

ಹೇಳಿಬಿಟ್ಟ ಮೇಲೆ ಅವನಿಗೆ, ಆ ಮಳೆಯ ದಿನದ ಮಾತೆಲ್ಲ ನಿಜವೆಂದು ತಾನೇ ಒಪ್ಪಿಕೊಂಡಂತಾಯಿತು ಎಂದು ತಿಳಿಯಿತು. ಅಷ್ಟರಲ್ಲಿ ಎರಡೂ ಓಣಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದವು. ಅಂದಾನಪ್ಪ ತಲೆ ಕೆರೆದುಕೊಂಡ, ಓಡಿಹೋಗಲಿಲ್ಲ.

"ಎರಡನೇ ಸುದ್ದಿ," ಎಂದಳು ಫಕ್ಕೀರವ್ವ. "ನಾಮಪತ್ರ ವಾಪಸ್ ತಗೊಳ್ಳಂಗಿಲ್ಲ."

ಅವತ್ತು ಹುಲಿಕೊಳ್ಳದ ಜನ ಮನೆಗೆ ಹೋದ ಗತ್ತು ನೋಡಬೇಕಿತ್ತು. ಸುಳ್ಳು ಯಾವ ಊರಿಗೂ ಬರುತ್ತದೆ, ಅದರಲ್ಲಿ ನಾಚಿಕೆ ಏನಿದೆ? ಬಂದ ಸುಳ್ಳನ್ನು ಹತ್ತಿಸಿದ ಕಟ್ಟೆಯಿಂದಲೇ ಇಳಿಸಿದ ಊರು ಎಷ್ಟಿವೆ, ನೀವೇ ಹೇಳಿ.

ಅಜ್ಜಾರು ಡಬ್ಬಿ ತೆಗೆದು ಶಿಷ್ಯನ ಅಂಗೈಗೆ ದೊಡ್ಡ ಬೆಲ್ಲದ ಹೆಂಟೆ ಇಟ್ಟರು. ಮಠದಲ್ಲಿ ಯಾರಿಗೂ ಅಷ್ಟು ದೊಡ್ಡದು ಸಿಕ್ಕಿರಲಿಲ್ಲ. ಅಜ್ಜಾರ ಕಣ್ಣುಗಳು ಒದ್ದೆಯಾಗಿದ್ದವು, ಅವರು ಒರೆಸಿಕೊಳ್ಳಲೂ ಇಲ್ಲ.

ಕಲ್ಲಿನಾಥ ಬೆಲ್ಲ ಕಡಿಯುತ್ತ ಕೇಳಿದ:

"ಅಜ್ಜಾರ, ಯಾರು ಗೆಲ್ತಾರ್ರಿ?"

"ಯಾರು ಗೆದ್ರೂ ಮರುದಿನದಿಂದ ಅವರು ನಮ್ಮವರ ಅಲ್ಲೇನೋ," ಎಂದರು ಅಜ್ಜಾರು. "ಬೇವಿನ ಎಲಿ ಕಿತ್ತಿಟ್ಟುಕೋ."